ಗೇಜ್ ಹಿಡಿಯದೆ ಕೊನೆಭಾಗಕ್ಕೆ ನೀರು ಬರೋದಿಲ್ಲ

ಎಲ್ಲರಿಗೂ ನಮಸ್ಕಾರ. ಸಿಂಧನೂರು, ಸಿರವಾರ, ಮಾನ್ವಿಯಿಂದ ಬಂದವರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ಕಥೆ ನಾನು ಹೇಳಬೇಕಾಗಿಲ್ಲ. ನೇರ ವಿಷಯಕ್ಕೆ ಬರುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು. ಮಂತ್ರಿಗಳು, ಟಿವಿಯವರು, ಎಲ್ಲರೂ ಓಡಿ ಬಂದರು. ಬರಲೇಬೇಕಿತ್ತು. ಆದರೆ ಕಾಲುವೆ ಉದ್ದಕ್ಕೂ ತುಕ್ಕು ಹಿಡಿದು ಕೂತ ತೂಬಿನ ಗೇಟುಗಳಿವೆಯಲ್ಲ, ಅವನ್ನು ನೋಡೋಕೆ ಯಾರು ಬರುತ್ತಾರೆ?

ಪ್ರತಿ ಸಭೆಯಲ್ಲೂ ಒಂದೇ ಕೂಗು, ಡ್ಯಾಮಿನಿಂದ ನೀರು ಜಾಸ್ತಿ ಬಿಡಿಸಿ ಅಂತ. ಕಾಲುವೆ ಉದ್ದ ಸುಮಾರು 227 ಕಿ.ಮೀ. ನೀರು ಸೆಕೆಂಡಿಗೆ ಒಂದು ಮೀಟರ್ ಓಡುತ್ತದೆ ಅಂತಿಟ್ಟುಕೊಂಡರೂ ಡ್ಯಾಮಿರೋ ಮುನಿರಾಬಾದಿನಲ್ಲಿ ಇವತ್ತು ಬಿಟ್ಟಿದ್ದು ತುದಿ ಮುಟ್ಟೋಕೆ ಎರಡೂವರೆ ದಿನದ ಮೇಲೆ ಬೇಕು, ಅದೂ ದಾರಿಯಲ್ಲಿ ಯಾರೂ ಮುಟ್ಟದಿದ್ದರೆ. ಆ ಎರಡೂವರೆ ದಿನದಲ್ಲಿ ಏನೇನಾಗಬಹುದು ಗೊತ್ತಾ?

ಒಂದು ವರ್ಷ ಹೀಗೇ ಆಯಿತು. ಕೊನೆಭಾಗದ ರೈತರು ರಸ್ತೆ ತಡೆ ಮಾಡಿದರು, ಮೇಲಿನಿಂದ ಆದೇಶ ಬಂತು, ನೀರು ಹೆಚ್ಚಿಸಿದರು. ಅದು ನಡುಭಾಗಕ್ಕೆ ಬರೋ ಹೊತ್ತಿಗೆ ಧೋ ಅಂತ ಮಳೆ. ಗದ್ದೆ ತುಂಬಿದ ಮೇಲೆ ಯಾರಿಗೆ ಬೇಕು ನೀರು? ಎಲ್ಲರೂ ತೂಬು ಮುಚ್ಚಿ ಮನೆಗೆ ಹೋಗಿ ಮಲಗಿದರು. ಅವರದು ತಪ್ಪು ಅನ್ನಲ್ಲ, ನಾನಾದರೂ ಮುಚ್ಚುತ್ತಿದ್ದೆ. ಆ ರಾತ್ರಿ ಕಾಲುವೆ ನೋಡಿಕೊಳ್ಳೋ ಒಬ್ಬ ವಯಸ್ಸಾದ ಗ್ಯಾಂಗ್‌ಮನ್ ಜೊತೆ ನಾನು ಕಾಲುವೆ ಮೇಲೆ ನಿಂತಿದ್ದೆ. ನೀರಿನ ಮಟ್ಟ ತೋರಿಸೋ ಗೇಜ್ ಪಟ್ಟಿಗೆ ಪಾಚಿ ಕಟ್ಟಿ ಅಂಕಿನೇ ಕಾಣುತ್ತಿರಲಿಲ್ಲ. ಆತ ಮೆಟ್ಟಿಲಿಳಿದು ಗೋಣಿತಾಟಿನಿಂದ ತಿಕ್ಕಿದ, ಬ್ಯಾಟರಿ ಬಿಟ್ಟು ನೋಡಿದ. 'ಸಾಹೇಬ್ರ, ಬೆರಳು ಬೆರಳು ಏರಾಕತ್ತೈತ್ರಿ' ಅಂದ. ಹೆಚ್ಚಿನ ನೀರನ್ನು ಹಳ್ಳಕ್ಕೆ ಬಿಡೋ ಗೇಟು ತೆಗೆಯೋಣ ಅಂದರೆ ಅದು ಅಲ್ಲಾಡಲ್ಲ. ಊರಿನಿಂದ ಹುಡುಗರನ್ನು ಎಬ್ಬಿಸಿ ತಂದು, ಹಾರೆ ಹಾಕಿ ಮೀಟಿ, ಅಂತೂ ಗೇಟು ಎದ್ದಾಗ ನೀರು ದಂಡೆಯ ತುದಿಗೆ ಬಂದಿತ್ತು. ಬೆಳಗ್ಗೆ ನೋಡಿದರೆ ನೀರು ಬೇಕು ಅಂತ ರಸ್ತೆಯಲ್ಲಿ ಕೂತಿದ್ದವರ ಸಸಿಮಡಿಗಳೇ ಮುಳುಗಿದ್ದವು.

ಅದಕ್ಕೇ ನಾನು ಹೇಳೋದು, ಗೇಜ್ ಹಿಡಿಯಿರಿ, ಅಂದರೆ ಕಾಲುವೆಯ ನೀರಿನ ಮಟ್ಟ ಏರಿಳಿಯದಂತೆ ಒಂದೇ ಸಮ ಇಡಿಸಿ. ಕಾಲುವೆಯಲ್ಲಿ ನೀರಿನ ಮಟ್ಟ ಏರಿಳಿದರೆ ಪ್ರತಿ ತೂಬಿನ ಪಾಲೂ ಏರಿಳಿಯುತ್ತದೆ. ಇನ್ನೊಂದು, ಉಪಕಾಲುವೆಯಲ್ಲಿ ಎಷ್ಟು ನೀರು ಹರಿಯುತ್ತದೆ ಅಂತ ಅಳೆಯೋ ಕಟ್ಟೆಯಲ್ಲಿ ಗೇಜ್ ನಾಲ್ಕು ಅಡಿಯಿಂದ ಎರಡಕ್ಕಿಳಿದರೆ ನೀರು ಅರ್ಧಕ್ಕಿಳಿಯಿತು ಅಂತ ಸುಮ್ನೆ ಅಂದುಕೊಳ್ಳಬೇಡಿ. ಉಳಿಯೋದು ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು. ಅಧಿಕಾರಿ ಎರಡಡಿ ಇದೆಯಲ್ಲ ಅಂದಾಗ ಈ ಲೆಕ್ಕ ಅವರ ಮುಂದಿಡಿ.

ನೆಲ್ಲಿನ ಮಾತು ಎತ್ತಿದರೆ ಕೆಲವರಿಗೆ ಸಿಟ್ಟು ಬರುತ್ತೆ, ಗೊತ್ತು. ಆದರೂ ಹೇಳ್ತೀನಿ. ಈ ಕಾಲುವೆಯ ಅಚ್ಚುಕಟ್ಟು ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ ಅಂತ ಗೊತ್ತುಮಾಡಿದ್ದು. ಮೇಲ್ಭಾಗದಲ್ಲಿ ಕಣ್ಣು ಹಾಯಿಸಿದಷ್ಟೂ ನೆಲ್ಲು. ಅತ್ತ ಡ್ಯಾಮಿನಲ್ಲಿ ಹೂಳು ತುಂಬಿ, ಮೊದಲು 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 105ರ ಆಸುಪಾಸು. ಬೆಳೆ ಬದಲಿಸೋಕೆ ಒಂದೆರಡು ವರ್ಷ ಸಾಲದು. ಗೇಜ್ ಹಿಡಿಯೋಕೆ ಒಂದು ಹಂಗಾಮು ಸಾಕು.

ಚೀಟಿ ಬಂತು, ಬೇಗ ಮುಗಿಸ್ತೀನಿ. ನಾರಾಯಣಪುರ ಎಡದಂಡೆಯಲ್ಲಿ ಸಾವಿರಾರು ಗೇಟಿಗೆ ಕಂಪ್ಯೂಟರ್ ಹಿಡಿತ ಬಂದಿದೆ, ಒಳ್ಳೇದು. ಅದರ ಬಗ್ಗೆ ಜಾಸ್ತಿ ಹೇಳಬೇಕಿತ್ತು, ಹೊತ್ತಿಲ್ಲ. ಗ್ಯಾಂಗ್‌ಮನ್‌ಗಳ ಸಂಬಳ ತಿಂಗಳು ತಿಂಗಳು ಕೈಗೆ ಸಿಗಬೇಕು, ಅದು ಇನ್ನೊಂದು. ನೀರಾವರಿ ಸಲಹಾ ಸಮಿತಿ ಸಭೆಗೆ ಹೋಗುವವರು ಈ ಸಲ ಇಷ್ಟು ಬರೆಸಿಕೊಂಡೇ ಬನ್ನಿ: ಪ್ರತಿ ಉಪಕಾಲುವೆಯ ಗೇಜ್ ಬೆಳಗ್ಗೆ ಆರಕ್ಕೆ, ಸಂಜೆ ಆರಕ್ಕೆ ಫೋಟೋ ಸಮೇತ ರೈತರ ವಾಟ್ಸಾಪ್ ಗ್ರೂಪಿಗೆ ಬರಬೇಕು. ಮೇಲ್ಭಾಗದವರದೂ, ಕೊನೆಭಾಗದವರದೂ, ಒಂದೇ ಗ್ರೂಪಿನಲ್ಲಿ.