ಸಾವಿಲ್ಲದವರ ಯುದ್ಧಕ್ಕೆ ಎಡ್ಡಿ ಯಾಕೆ ಬೇಕಾಯಿತು?

ನಮಸ್ಕಾರ. ಹೋದ ಸಲ ನಾನು ಎಮ್ಮಾ ಬುಲ್ ಅವರ 'ವಾರ್ ಫಾರ್ ದಿ ಓಕ್ಸ್' ಕಾದಂಬರಿಯ ಹೆಸರು ಹೇಳಿದ್ದೆ. ಆಗ ತುಂಬಾ ಜನ ಕೇಳಿದ್ದು ಒಂದೇ ಪ್ರಶ್ನೆ. ಸಾವೇ ಇಲ್ಲದ ಕಿನ್ನರರು, ಅಂದರೆ ಇಂಗ್ಲಿಷ್ ಕಥೆಗಳ ಫೇರಿಗಳು, ತಮ್ಮತಮ್ಮಲ್ಲೇ ಹೊಡೆದಾಡಿಕೊಳ್ಳುತ್ತಾರೆ, ಸರಿ. ಅದಕ್ಕೆ ಎಡ್ಡಿ ಅನ್ನುವ, ಗಿಟಾರ್ ನುಡಿಸುವ ಹುಡುಗಿಯೊಬ್ಬಳನ್ನು ಯಾಕೆ ಎಳೆದು ತರಬೇಕು? ಇವತ್ತು ಅದನ್ನೇ ಮಾತಾಡೋಣ. ಕೊನೆಗೆ ಯಾರು ಗೆಲ್ಲುತ್ತಾರೆ ಅಂತ ಮಾತ್ರ ಹೇಳುವುದಿಲ್ಲ.

ಮೊದಲು ಬೇಗ ಬೇಗ ಹಿನ್ನೆಲೆ ಮುಗಿಸುತ್ತೇನೆ. ಈ ಕಾದಂಬರಿ ಅರ್ಬನ್ ಫ್ಯಾಂಟಸಿ ಅನ್ನುವ ಬಗೆಯದು. ಹಾಗಂದ್ರೆ ಏನು? ಬೆಂಗಳೂರಿನ ಮನೆಬಾಗಿಲುಗಳ ಮೇಲೆ 'ನಾಳೆ ಬಾ' ಅಂತ ಬರೆದಿರುತ್ತಿದ್ದರಲ್ಲ, ನೆನಪಿದೆಯಾ? ಆ ದೆವ್ವ ಕಾಡಿನಲ್ಲಿರಲಿಲ್ಲ. ನಮ್ಮ ಬೀದಿಗೇ ಬಂದು ಬಾಗಿಲು ತಟ್ಟುತ್ತಿತ್ತು. ಅಂಥ ಕಥೆಗಳೇ ಇವು. ಈ ಕಾದಂಬರಿ ಬಂದದ್ದು 1987ರಲ್ಲಿ. ಮರುವರ್ಷ ಮೊದಲ ಕಾದಂಬರಿಗೆ ಕೊಡುವ ಲೋಕಸ್ ಪ್ರಶಸ್ತಿ ಇದಕ್ಕೆ ಸಿಕ್ಕಿತು. ಕಥೆ ನಡೆಯುವುದು ಅಮೆರಿಕದ ಮಿನ್ನಿಯಾಪೊಲಿಸ್‌ನಲ್ಲಿ.

[ತೆರೆಯ ಮೇಲೆ: ರಾತ್ರಿಯ ನಿಕೊಲೆಟ್ ಮಾಲ್]

ಹೆಸರು ಕೇಳಿ ಶಾಪಿಂಗ್ ಮಾಲ್ ಅಂದುಕೊಳ್ಳಬೇಡಿ. ಇದೊಂದು ರಸ್ತೆ. ಖಾಸಗಿ ಕಾರುಗಳಿಗೆ ಪ್ರವೇಶವಿಲ್ಲ, ಮುಖ್ಯವಾಗಿ ಬಸ್ಸು ಮತ್ತು ನಡೆದು ಹೋಗುವವರಿಗೆ. ಎಡ್ಡಿ ಮೆಕ್‌ಕ್ಯಾಂಡ್ರಿ ಅವತ್ತಷ್ಟೇ ಬಾಯ್‌ಫ್ರೆಂಡನ್ನೂ ಅವನ ಬ್ಯಾಂಡನ್ನೂ ಬಿಟ್ಟಿದ್ದಾಳೆ. ರಾತ್ರಿ ಇದೇ ದಾರಿಯಲ್ಲಿ ಒಬ್ಬಳೇ ಮನೆಗೆ ಹೊರಟಿದ್ದಾಳೆ. ಹಿಂದೆ ಒಬ್ಬ ಗಂಡಸು ಬರುತ್ತಿದ್ದಾನೆ. ಓಡುತ್ತಾಳೆ. ಆಮೇಲೆ ನೋಡಿದರೆ ಬೆನ್ನು ಹತ್ತಿರುವುದು ಒಂದು ದೊಡ್ಡ ಕಪ್ಪು ನಾಯಿ. ಆ ಗಂಡಸು, ಆ ನಾಯಿ, ಇಬ್ಬರೂ ಒಬ್ಬರೇ! ಅವನೇ ಫೂಕಾ. ಐರ್ಲೆಂಡಿನ ಜನಪದ ಕಥೆಗಳಲ್ಲಿ ಬರುವ, ಬೇಕಾದ ರೂಪ ತಾಳುವ ಜೀವಿ. ಅವನೇ ಮುಂದೆ ಎಡ್ಡಿಯ ಕಾವಲುಗಾರ, ಇನ್ನೂ ಮುಂದೆ ಅವಳ ಪ್ರೇಮಿ.

ಈಗ ಪ್ರಶ್ನೆಗೆ ಬರೋಣ. ಕಿನ್ನರರಲ್ಲಿ ಎರಡು ಪಾಳಯ, ಮನುಷ್ಯರಿಗೆ ಅಷ್ಟಾಗಿ ಕೇಡು ಬಯಸದ ಸೀಲಿ ಮತ್ತು ಕೇಡು ಬಯಸುವ ಅನ್‌ಸೀಲಿ. ಯುದ್ಧ ಯಾವುದಕ್ಕೆ ಅಂದರೆ, ಮಿನ್ನಿಯಾಪೊಲಿಸ್ ಊರಿಗಾಗಿಯೇ. ಆದರೆ ಎರಡೂ ಕಡೆ ಸಾವಿಲ್ಲ. ಕತ್ತಿಯಲ್ಲಿ ಇರಿದರೂ ನಾಳೆ ಎದ್ದು ಬರುತ್ತಾರೆ. ಹಾಗಾದರೆ ಸೋತವರು ಯಾರು, ಗೆದ್ದವರು ಯಾರು? ತೀರ್ಮಾನವೇ ಆಗುವುದಿಲ್ಲ ಅಲ್ವಾ? ಅದಕ್ಕೇ ಸೀಲಿಗಳು ಒಬ್ಬ ಮನುಷ್ಯಳನ್ನು, ಅಂದರೆ ಎಡ್ಡಿಯನ್ನು, ವಿಧಿಪೂರ್ವಕವಾಗಿ ತಮ್ಮ ಪಾಳಯಕ್ಕೆ ಕಟ್ಟಿಕೊಳ್ಳುತ್ತಾರೆ. ಅವಳು ರಣರಂಗದಲ್ಲಿ ನಿಂತಿದ್ದರೆ ಸಾಕು, ಅಲ್ಲಿ ಕಿನ್ನರರೂ ಸಾಯಬಹುದು.

ಈ ಜಾಗ ಓದಿದಾಗ ನನಗೆ ನೆನಪಾದವನು ದಶರಥ. ದೇವತೆಗಳ ಕಡೆ ಯುದ್ಧ ಮಾಡಲು ಹೋದ, ಗಾಯಗೊಂಡ, ಕೈಕೇಯಿ ಅವನನ್ನು ಉಳಿಸಿದಳು. ಅವತ್ತಿನ ಎರಡು ವರದಿಂದ ಇಡೀ ರಾಮಾಯಣವೇ ತಿರುಗಿತು. ದೇವತೆಗಳ ಜಗಳಕ್ಕೆ ಮನುಷ್ಯ ಹೋಗುವುದು ನಮಗೆ ಹೊಸದಲ್ಲ. ಆದರೆ ದಶರಥನನ್ನು ಕರೆದದ್ದು ಅವನ ಬಿಲ್ಲಿಗಾಗಿ, ಅವನ ಶೌರ್ಯಕ್ಕಾಗಿ. ಎಡ್ಡಿಯನ್ನು ಕರೆದದ್ದು ಅವಳಿಗೆ ಸಾವಿದೆ ಅನ್ನುವ ಒಂದೇ ಕಾರಣಕ್ಕೆ. ಅವಳು ತನ್ನ ಜೊತೆ ಯುದ್ಧಕ್ಕೆ ಸಾವನ್ನು ಕರೆದುಕೊಂಡು ಹೋಗುತ್ತಾಳೆ.

ಈಗ ಪ್ರೇಮದ ವಿಷಯ ನೋಡಿ. ಈ ಬಗೆಯ ಎಷ್ಟೋ ಕಾದಂಬರಿಗಳಲ್ಲಿ ನಾಯಕ ಅಮರ, ನಾಯಕಿ ಮನುಷ್ಯಳು, ಅಪಾಯವೆಲ್ಲ ಅವಳದೇ. ನನಗೆ ಅದು ಯಾವತ್ತೂ ಸರಿ ಅನ್ನಿಸಿಲ್ಲ. ಇಲ್ಲಿ ಹಾಗಲ್ಲ. ಎಡ್ಡಿಯನ್ನು ಆರಿಸಿ ತಂದವನೇ ಫೂಕಾ. ಅವಳನ್ನು ಕಾಯಬೇಕಾದವನೂ ಅವನೇ. ಆದರೆ ಅವಳು ನಿಂತ ರಣರಂಗದಲ್ಲಿ ಅವನ ಜೀವಕ್ಕೂ ಗ್ಯಾರಂಟಿ ಇಲ್ಲ. ಸಾವಿಲ್ಲದವನು 'ನಿನಗಾಗಿ ಜೀವ ಕೊಡುತ್ತೇನೆ' ಅಂದರೆ ಅದು ಬರೀ ಮಾತು. ಅದೇ ಮಾತನ್ನು ಫೂಕಾ ಹೇಳಿದರೆ ನಾನು ನಂಬುತ್ತೇನೆ. ನಾನು ಓದಿದ ಈ ಜಾತಿಯ ಪ್ರೇಮಕಥೆಗಳಲ್ಲಿ ಇದೇ ನನಗೆ ತುಂಬಾ ಇಷ್ಟವಾಗಲು ಕಾರಣ ಇದು.

[ತೆರೆಯ ಮೇಲೆ: ಫಸ್ಟ್ ಅವೆನ್ಯೂ, ಕಪ್ಪು ಗೋಡೆಯ ಮೇಲೆ ಬೆಳ್ಳಿ ನಕ್ಷತ್ರಗಳು]

ಕೊನೆಯ ಹೋರಾಟ ಎಲ್ಲಿ ನಡೆಯುತ್ತದೆ ಗೊತ್ತಾ? ಕೋಟೆಯಲ್ಲೂ ಅಲ್ಲ, ಕಾಡಲ್ಲೂ ಅಲ್ಲ. ಹಳೇ ಬಸ್ ಸ್ಟ್ಯಾಂಡಿನಲ್ಲಿ! ಫಸ್ಟ್ ಅವೆನ್ಯೂ ಅನ್ನುವ ಈ ಕಟ್ಟಡ 1937ರಲ್ಲಿ ಗ್ರೇಹೌಂಡ್ ಬಸ್ಸುಗಳ ನಿಲ್ದಾಣವಾಗಿ ಶುರುವಾಯಿತು. ಜನ ಸೂಟ್‌ಕೇಸ್ ಹಿಡಿದು ಬಸ್ಸಿಗೆ ಕಾಯುತ್ತಿದ್ದ ಜಾಗ. 1970ರಲ್ಲಿ ಅದು ಸಂಗೀತದ ಕ್ಲಬ್ ಆಯಿತು. ಇದೇ ಊರಿನ ಹುಡುಗ, ಗಾಯಕ ಪ್ರಿನ್ಸ್, 1984ರ 'ಪರ್ಪಲ್ ರೇನ್' ಚಿತ್ರದಲ್ಲಿ ಹಾಡಿದ್ದು ಇದೇ ವೇದಿಕೆಯಲ್ಲಿ. ಇಲ್ಲಿ ಕಾರ್ಯಕ್ರಮ ಕೊಟ್ಟ ಕಲಾವಿದರ ಹೆಸರುಗಳು ಹೊರಗೋಡೆಯ ನಕ್ಷತ್ರಗಳಲ್ಲಿವೆ. 2016ರಲ್ಲಿ ಪ್ರಿನ್ಸ್ ತೀರಿಕೊಂಡ ಮೇಲೆ ಅವನ ನಕ್ಷತ್ರಕ್ಕೆ ಬಂಗಾರದ ಬಣ್ಣ ಬಂತು.

ಆ ವೇದಿಕೆಗೆ ಎಡ್ಡಿ ತನ್ನ ಹೊಸ ಬ್ಯಾಂಡ್ ಕರೆದುಕೊಂಡು ಹತ್ತುತ್ತಾಳೆ. ಎದುರಿಗೆ ಅನ್‌ಸೀಲಿಗಳ ರಾಣಿ. ಆಯುಧ ಸಂಗೀತ. ನಮ್ಮ ಕಿನ್ನರರೂ ಹಾಡುಗಾರರೇ ಅಲ್ವಾ? ಅದಕ್ಕೇ ಮೊದಲಿಂದಲೂ ಅದೇ ಪದ ಬಳಸುತ್ತಿದ್ದೇನೆ. ಎಮ್ಮಾ ಬುಲ್ ಸ್ವತಃ ಬ್ಯಾಂಡುಗಳಲ್ಲಿ ಹಾಡಿದವರು. ಹಾಡಿನ ಮಧ್ಯೆ ಡ್ರಮ್ಮರ್ ಕಡೆ ಒಂದು ನೋಟ, ತಾಳ ಬದಲಾಗುವ ಆ ಗಳಿಗೆ, ಇವೆಲ್ಲ ವೇದಿಕೆ ಮೇಲೆ ನಿಂತವರು ಬರೆದ ಹಾಗೇ ಇವೆ.

ಸಮಯ ಆಗುತ್ತಾ ಬಂತು. ಇಷ್ಟವಾಗದ್ದನ್ನೂ ಹೇಳಿಬಿಡುತ್ತೇನೆ. ಬಟ್ಟೆಯ ವರ್ಣನೆ ಜಾಸ್ತಿ ಆಯಿತು. ಯಾರು ಯಾವ ಜಾಕೆಟ್ ಹಾಕಿದರು ಅಂತ ಪುಟಗಟ್ಟಲೆ ಬರುತ್ತದೆ. ಮಧ್ಯದಲ್ಲಿ ಎಡ್ಡಿಗೆ ತನ್ನ ಹೊಸ ಬ್ಯಾಂಡಿನ ವಿಲ್ಲಿ ಸಿಲ್ವರ್ ಜೊತೆಗಿನ ಪ್ರೇಮ ನನ್ನನ್ನು ಮುಟ್ಟಲಿಲ್ಲ. ಎಡ್ಡಿಯ ಗೆಳತಿ, ಡ್ರಮ್ಮರ್ ಕಾರ್ಲಾಗೆ ಇನ್ನೂ ಜಾಗ ಸಿಗಬೇಕಿತ್ತು.

ಓದುವವರು ಒಂದು ಕೆಲಸ ಮಾಡಿ. ಫೋನಿನಲ್ಲಿ ಪೀವಿ ಪ್ಲಾಜಾದ ಫೋಟೋ ಹುಡುಕಿ ಇಟ್ಟುಕೊಳ್ಳಿ. ನಿಕೊಲೆಟ್ ಮಾಲ್ ಪಕ್ಕದ ಚೌಕ ಅದು. ಕಾದಂಬರಿ ಶುರುವಾಗುವುದೇ ಅಲ್ಲಿನ ನೀರಿನ ಬಳಿ, ಫೂಕಾ ಮತ್ತು ನೀರಿನ ಹೆಣ್ಣೊಬ್ಬಳ ಮಾತುಕತೆಯಿಂದ. 2012ರಲ್ಲಿ ಅದನ್ನು ಒಡೆದು ಹಾಕುವ ಯೋಜನೆ ಇತ್ತು. ಜನ ಬಿಡಲಿಲ್ಲ. 2019ರಲ್ಲಿ ದುರಸ್ತಿ ಮುಗಿದು ಮತ್ತೆ ನೀರು ಬಂತು. ಫೋಟೋದಲ್ಲಿ ಕೆಳಕ್ಕಿಳಿಯುವ ಕಾಂಕ್ರೀಟ್ ಮೆಟ್ಟಿಲುಗಳು ಕಾಣುತ್ತವೆ. ಅದನ್ನು ನೋಡುತ್ತಾ ಮೊದಲ ಪುಟ ಓದಿ.