ಕಾಲರ್ ಟ್ಯೂನ್ ಹೇಳಿದ್ದು, ಆಶಾ ಅಕ್ಕ ಹೇಳಿದ್ದು

ಎಲ್ಲರಿಗೂ ನಮಸ್ಕಾರ.

ನರ್ಸಿಂಗ್ ಓದ್ತಿರೋರು ಇದೀರಿ, ಹಿಂದಿನ ಸಾಲಲ್ಲಿ ಆಶಾ ಅಕ್ಕಂದಿರು ಕೂತಿದಾರೆ, ಹಾಗಾಗಿ ಸ್ಲೈಡು ಗೀಡು ಏನೂ ತಂದಿಲ್ಲ, ಮಾತಾಡ್ತಾ ಹೋಗ್ತೀನಿ. ನಂಗೆ ಕೊಟ್ಟಿರೋ ವಿಷಯ ಮಹಾಮಾರಿ ಕಾಲದಲ್ಲಿ ಆರೋಗ್ಯ ಪ್ರಚಾರ. ನಾನು ಹೇಳ್ಬೇಕಂತಿರೋದು ಇಷ್ಟು. ಜನಕ್ಕೆ ಹೀಗ್ಮಾಡಿ ಅಂತ ಹೇಳೋ ಮುಂಚೆ ಅದನ್ನ ಅವರು ಅವರ ಮನೇಲಿ, ಅವರ ದುಡ್ಡಲ್ಲಿ, ಇವತ್ತೇ ಮಾಡೋಕಾಗುತ್ತಾ ಅಂತ ನೋಡ್ಬೇಕು, ಆಮೇಲೆ ಅದನ್ನ ಯಾರ ಬಾಯಲ್ಲಿ ಹೇಳಿಸ್ತೀವಿ ಅಂತ ನೋಡ್ಬೇಕು. ಕೊರೊನಾದಲ್ಲಿ ಈ ಎರಡೂ ಕೂಡಿ ಬಂದ ಕಡೆ ಕೆಲಸ ಆಯ್ತು, ಇಲ್ದಿದ್ದ ಕಡೆ ಎಷ್ಟು ಫ್ಲೆಕ್ಸ್ ಕಟ್ಟಿದ್ರೂ ಗಾಳಿಗೆ ಹೋಯ್ತು.

ಕಾಲರ್ ಟ್ಯೂನಿಂದ ಶುರು ಮಾಡೋಣ, ಯಾಕಂದ್ರೆ ಅದನ್ನ ಕೇಳ್ದೇ ಇರೋರು ಇಲ್ಲಿ ಯಾರೂ ಇಲ್ಲ. ಮಾರ್ಚ್ 2020ರಲ್ಲಿ ಬಂತು, ಮೊದಲು ಕೆಮ್ಮೋ ಸದ್ದು, ಆಮೇಲೆ ಕೈ ತೊಳೀರಿ ಅಂತ ಮಾತು. ಐಡಿಯಾ ಚೆನ್ನಾಗೇ ಇತ್ತು, ಓದು ಬರಹ ಬರದೇ ಇರೋರಿಗೂ ಮುಟ್ಟುತ್ತೆ, ಬಟನ್ ಫೋನಿಗೂ ಬರುತ್ತೆ, ನೆಟ್ ಬೇಕಿಲ್ಲ. ಮೊದಲ ಒಂದೆರಡು ತಿಂಗಳು ಜನ ಕಿವಿಗೊಟ್ಟು ಕೇಳಿದ್ರು. ಆದ್ರೆ ಅದೇ ಮಾತು, ಅದೇ ದನಿ, ಆಂಬುಲೆನ್ಸಿಗೆ ಫೋನ್ ಮಾಡೋನಿಗೂ ಅದೇ, ಸಾಲ ಕೇಳೋಕೆ ಫೋನ್ ಮಾಡೋನಿಗೂ ಅದೇ. ಮೇ 2021ರಲ್ಲಿ ದೆಹಲಿ ಹೈಕೋರ್ಟೇ ಕೇಂದ್ರ ಸರ್ಕಾರನ ಕೇಳ್ತು, ಲಸಿಕೆ ಹಾಕಿಸ್ಕೊಳ್ಳಿ ಅಂತ ಕಿರಿಕಿರಿ ಆಗೋವಷ್ಟು ಸಲ ಕೇಳಿಸ್ತೀರಿ, ಲಸಿಕೆನೇ ಇಲ್ವಲ್ಲ, ಯಾರು ಹಾಕ್ತಾರೆ ಅಂತ. ಅದೇ ಮೇ 14ರಿಂದ ನಮ್ಮ ರಾಜ್ಯದಲ್ಲಿ 18ರಿಂದ 44 ವಯಸ್ಸಿನೋರಿಗೆ ಲಸಿಕೆ ಹಾಕೋದು ಸ್ವಲ್ಪ ದಿನ ನಿಂತೇ ಹೋಗಿತ್ತು. ಬಾ ಅಂತ ಕರೆದು ಸೆಂಟರ್ ಮುಂದೆ ನೋ ಸ್ಟಾಕ್ ಬೋರ್ಡ್ ಹಾಕಿದ್ರೆ, ಮುಂದಿನ ಸಲ ಕರೆದಾಗ ಅವನು ಬರೋದಿಲ್ಲ, ಇದು ಅವನ ತಪ್ಪಲ್ಲ.

ಕೈ ತೊಳೆಯೋ ವಿಷಯನೂ ಹಾಗೇ. 20 ಸೆಕೆಂಡ್ ಸೋಪ್ ಹಚ್ಚಿ ತೊಳೀರಿ ಅಂತ ಎಲ್ಲಾ ಕಡೆ ಬರೆಸಿದ್ವಿ. ಬೇಸಿಗೇಲಿ ವಾರಕ್ಕೊಂದ್ಸಲ ನಲ್ಲಿ ನೀರು ಬಿಡೋ ಊರಲ್ಲಿ, ಎರಡು ಬೀದಿ ದಾಟಿ ಕೊಡ ಹೊತ್ತು ತರೋ ಹೆಣ್ಮಗಳಿಗೆ ಅದು ಉಪದೇಶ ಅಷ್ಟೇ. ಕೇರಳದೋರು ಅದೇ ಮಾರ್ಚಲ್ಲಿ ಬ್ರೇಕ್ ದ ಚೈನ್ ಅಂತ ಮಾಡಿದ್ರಲ್ಲ, ಅದ್ರಲ್ಲಿ ನಂಗೆ ತುಂಬಾ ಹಿಡಿಸಿದ್ದು ಅವ್ರ ಪೊಲೀಸ್ರು ಕುಣಿದ ವಿಡಿಯೋ ಅಲ್ಲ, ಅದು ವೈರಲ್ ಆಯ್ತು ಸರಿ. ಆಫೀಸ್ ಬಾಗ್ಲಲ್ಲಿ, ಜನ ಸೇರೋ ಜಾಗದಲ್ಲಿ ನೀರು, ಸೋಪು ಇಟ್ಟು ಆಮೇಲೆ ಕೈ ತೊಳೀರಿ ಅಂದ್ರಲ್ಲ, ಅದು. 2018ರಲ್ಲಿ ಕೋಯಿಕ್ಕೋಡ್ ಕಡೆ ನಿಪಾ ನೋಡಿದ್ದೋರು ಅವ್ರು, ಬರೀ ಬಾಯಿ ಮಾತು ನಡೆಯಲ್ಲ ಅಂತ ಗೊತ್ತಿತ್ತು.

ಇನ್ನು ಹೆದರಿಸೋದು. ಇದ್ರ ಬಗ್ಗೆ ನಂಗೆ ಇವತ್ತಿಗೂ ಸಂಕಟ ಇದೆ. ದೇಶದ ಮೊದಲ ಕೊರೊನಾ ಸಾವು ಆಗಿದ್ದು ನಮ್ಮ ಕಲಬುರಗಿಯವರದ್ದು, ಮಾರ್ಚ್ 2020. ಅಲ್ಲಿಂದ ಟಿವಿ ಹಾಕಿದ್ರೆ ಸಾಕು, ರಣಕೇಕೆ, ಅಟ್ಟಹಾಸ, ಮರಣ ಮೃದಂಗ. ಹೊರದೇಶದಿಂದ ಬಂದೋರ ಕೈ ಹಿಂಭಾಗಕ್ಕೆ ಸೀಲ್ ಹೊಡೆದ್ರು, ಮನೆ ಬಾಗ್ಲಿಗೆ ನೋಟಿಸ್ ಅಂಟಿಸಿದ್ರು, ಕ್ವಾರಂಟೈನಲ್ಲಿ ಇರೋರ ಮನೆ ವಿಳಾಸನೇ ಜಿಲ್ಲಾವಾರು ಪಟ್ಟಿ ಮಾಡಿ ಆನ್‌ಲೈನಲ್ಲಿ ಹಾಕಿದ್ರು. ಉದ್ದೇಶ ಕೆಟ್ಟದ್ದಲ್ಲ, ಅಕ್ಕಪಕ್ಕದೋರು ಹುಷಾರಾಗಿರ್ಲಿ ಅಂತ. ಆದ್ರೆ ಏನಾಯ್ತು, ಬಾಡಿಗೆ ಮನೆ ಖಾಲಿ ಮಾಡಿ ಅಂದ್ರು, ಹಾಲು ಹಾಕೋದು ನಿಲ್ಲಿಸಿದ್ರು, ನೋಡಿದೋನು ಅಂದ್ಕೊಂಡ, ನಂಗೆ ಜ್ವರ ಬಂದ್ರೆ ಯಾರಿಗೂ ಹೇಳ್ಬಾರ್ದು. ಡೋಲೋ ನುಂಗಿ ಕಂಬಳಿ ಹೊದ್ದು ಮಲಗಿದ, ಉಸಿರಾಟ ಕಷ್ಟ ಆದ್ಮೇಲೆ ಆಸ್ಪತ್ರೆಗೆ ಬಂದ. ಡಿಸೆಂಬರ್ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳ್ತು, ಪೋಸ್ಟರ್ ಅಂಟಿಸಿದ್ರೆ ಆ ಮನೆಯೋರನ್ನ ಅಸ್ಪೃಶ್ಯರ ಥರ ನೋಡ್ತಾರೆ ಅಂತ. ಅಷ್ಟರಲ್ಲಿ ಒಂಬತ್ತು ತಿಂಗಳು ಕಳೆದಿತ್ತು.

ದಂಡದ ಕತೆ ಬೇಗ ಮುಗಿಸ್ತೀನಿ. ಅಕ್ಟೋಬರ್ 2020ರಲ್ಲಿ ಮಾಸ್ಕ್ ಹಾಕದಿದ್ರೆ ಸಿಟೀಲಿ 1000, ಹಳ್ಳಿ ಕಡೆ 500 ರೂಪಾಯಿ ಅಂದ್ರು, ಒಂದು ವಾರದೊಳಗೆ 250, 100ಕ್ಕೆ ಇಳಿಸಿದ್ರು. ಜನ ದಂಡ ಹಾಕೋ ಮಾರ್ಷಲ್ ಕಂಡಾಗ ಮಾಸ್ಕ್ ಮೇಲೆ ಎಳ್ಕೊಂಡ್ರು, ಮುಂದೆ ಹೋಗಿ ಇಳಿಸಿದ್ರು. ದಂಡಕ್ಕೆ ಹೆದರಿದೋನು ಪೊಲೀಸ್ರನ್ನ ನೋಡ್ತಾನೆ, ಪಕ್ಕದಲ್ಲಿ ಕೆಮ್ತಿರೋನನ್ನ ನೋಡಲ್ಲ.

ಇದೆಲ್ಲ ಹೊಸದಲ್ಲ. 1897ರಲ್ಲಿ ಪುಣೆಯಲ್ಲಿ ಪ್ಲೇಗ್ ಬಂದಾಗ ಸೈನಿಕರನ್ನ ಮನೆಮನೆಗೆ ನುಗ್ಗಿಸಿದ್ರು, ಅಡುಗೆಮನೆ, ದೇವರಮನೆ ಏನೂ ನೋಡ್ಲಿಲ್ಲ, ಜನ ಪ್ಲೇಗಿಗಿಂತ ಪ್ಲೇಗ್ ಕಮಿಟಿಗೆ ಹೆದರಿದ್ರು, ಕೊನೆಗೆ ರ‍್ಯಾಂಡ್ ಅನ್ನೋ ಅಧಿಕಾರಿಯ ಕೊಲೆವರೆಗೂ ಹೋಯ್ತು. ಆ ವರ್ಷ ಮಾಡಿದ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ ನಾವು 2020ರಲ್ಲೂ ಬಳಸಿದ್ದು. ಆದ್ರೆ ಅದೇ 1897ರ ಜನವರೀಲಿ ಮುಂಬೈಯಲ್ಲಿ ಹಾಫ್‌ಕಿನ್ ಅನ್ನೋ ವಿಜ್ಞಾನಿ ಪ್ಲೇಗ್ ಲಸಿಕೆ ಮಾಡಿ ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಮರುವರ್ಷ ಪ್ಲೇಗ್ ಬೆಂಗಳೂರಿಗೂ ಬಂತು, ಮಲ್ಲೇಶ್ವರ, ಬಸವನಗುಡಿ ಬಡಾವಣೆ ಬೆಳೆದದ್ದು ಅದ್ರ ಹಿಂದೇನೇ. ಹಳ್ಳಿಗಳಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕ್ಕೊಂಡು ಇದ್ದದ್ದನ್ನ ಮುತ್ತಾತನ ಕಾಲದ ಮಾತಾಗಿ ಈಗ್ಲೂ ಹೇಳ್ತಾರೆ. ದೂರ ಇರೋದು ಅಂದ್ರೇನು ಅಂತ ನಮ್ಮ ಜನಕ್ಕೆ ಗೊತ್ತಿತ್ತು ರೀ, ಮನೇಲಿ ಅಮ್ಮ ಆಗಿದ್ರೆ ಬಾಗ್ಲಿಗೆ ಬೇವಿನ ಸೊಪ್ಪು ಸಿಕ್ಕಿಸಿ ಹೊರಗಿನೋರನ್ನ ಒಳಗೆ ಬಿಡ್ತಿರ್ಲಿಲ್ಲ. ಅಲ್ಲಿಂದ ಮಾತು ಶುರು ಮಾಡಿದ್ರೆ ಅರ್ಧ ಕೆಲಸ ಮುಗೀತಿತ್ತು.

ಈಗ ಒಂದು ಮಾತುಕತೆ ಹೇಳ್ತೀನಿ, ನರ್ಸಿಂಗ್ ಮಕ್ಕಳು ಇದನ್ನ ಬರ್ಕೊಳ್ಳಿ. ಏಪ್ರಿಲ್ 2021, ಶಿರಾ ಕಡೆ ಒಂದು ಹಳ್ಳಿ, ಜಗಲಿ ಮೇಲೆ ಕೂತಿದ್ದ ಅಜ್ಜಿ ಲಸಿಕೆ ಬ್ಯಾಡ ಅಂತಿದ್ರು. "ಮೇಲ್ಗಡೆ ಬೀದಿಯವ್ನು ಆ ಸೂಜಿ ಹಾಕುಸ್ಕಂಡು ಮೂರ್ ದಿನ ಮಲಗ್ಬುಟ್ಟ ಕಣವ್ವ." ಆಶಾ ಕಾರ್ಯಕರ್ತೆ ಸುಳ್ಳು ಅನ್ಲಿಲ್ಲ. "ಹೂಂ ಅಜ್ಜಿ, ಮಲಗಿದ್ದ. ಈಗ ಎದ್ದು ಹೊಲಕ್ಕೆ ಹೋಗವ್ನೆ. ನಂಗೂ ಒಂದ್ ರಾತ್ರಿ ಜ್ವರ ಬಂತು, ತೋಳು ಎತ್ತಕ್ಕಾಗ್ಲಿಲ್ಲ. ನಿಂಗೂ ಬರಬೋದು. ಬಂದ್ರೆ ಈ ಮಾತ್ರೆ ನುಂಗು, ಬೆಳಗ್ಗೆ ನಾನೇ ಬಂದು ನೋಡ್ತೀನಿ." ಅಜ್ಜಿ ಸ್ವಲ್ಪ ಹೊತ್ತು ಸುಮ್ನಿದ್ದು, "ಬಿಪಿ ಮಾತ್ರೆ ನುಂಗಿ ಬರ್ಲಾ, ಹಂಗೇ ಬರ್ಲಾ?" ಅಂದ್ರು. "ನುಂಗೇ ಬಾ, ತಿಂಡಿ ತಿಂದು ಬಾ." "ಯಾರ್ ಕರ್ಕೊಂಡೋಯ್ತಾರೆ?" "ನಾನು."

ನೋಡಿ, ಜ್ವರ ಬರುತ್ತೆ ಅಂತ ಮೊದಲೇ ಹೇಳಿದ್ದಕ್ಕೆ, ಜ್ವರ ಬಂದಾಗ ಅಜ್ಜಿ ಹೆದರಲ್ಲ, ಆಶಾ ಹೇಳಿದ್ದು ನಿಜ ಆಯ್ತು ಅಂತ ನಂಬಿಕೆ ಜಾಸ್ತಿ ಆಗುತ್ತೆ. ಏನೂ ಆಗಲ್ಲ ಬಾ ಅಂತ ಕರ್ಕೊಂಡು ಹೋಗಿದ್ರೆ ಅದೇ ಜ್ವರ ವಾಟ್ಸಾಪಲ್ಲಿ ಹತ್ತು ಊರಿಗೆ ಹಬ್ಬುತ್ತೆ. ಮತ್ತೆ ಆ ಅಜ್ಜಿಗೆ ಇದ್ದಿದ್ದು ಬರೀ ಲಸಿಕೆ ಭಯ ಅಲ್ಲ, ಬಿಪಿ ಮಾತ್ರೆ ಏನ್ಮಾಡೋದು, ಜೊತೆಗೆ ಯಾರು ಬರ್ತಾರೆ ಅನ್ನೋ ಚಿಂತೆ, ಅದಕ್ಕೆ ಯಾವ ಪೋಸ್ಟರಲ್ಲೂ ಉತ್ತರ ಇರ್ಲಿಲ್ಲ.

ಸಲಹೆ ಬದಲಾದಾಗ ಹೇಗೆ ಹೇಳೋದು ಅನ್ನೋದನ್ನ ನಾವು ಇನ್ನೂ ಕಲೀಬೇಕು. ಮೊದಲು ಆರೋಗ್ಯವಂತರಿಗೆ ಮಾಸ್ಕ್ ಬೇಡ ಅಂದ್ರು, ಏಪ್ರಿಲ್ 2020ರಲ್ಲಿ ಮನೇಲೇ ಹೊಲಿದ ಮಾಸ್ಕ್ ಹಾಕ್ಕೊಳ್ಳಿ ಅಂದ್ರು, ವಿಶ್ವ ಆರೋಗ್ಯ ಸಂಸ್ಥೆ ಸಾಮಾನ್ಯ ಜನಕ್ಕೂ ಮಾಸ್ಕ್ ಅಂದಿದ್ದು ಜೂನಲ್ಲಿ. ಕೋವಿಶೀಲ್ಡ್ ಎರಡನೇ ಡೋಸ್ ಮೊದಲು 4ರಿಂದ 6 ವಾರ, ಆಮೇಲೆ 6ರಿಂದ 8, ಮೇ 2021ರಲ್ಲಿ 12ರಿಂದ 16. ಲಸಿಕೆ ಸಾಲ್ದೇ ಇರೋ ಹೊತ್ತಲ್ಲೇ ಅಂತರ ಜಾಸ್ತಿ ಮಾಡಿದ್ರೆ ಜನ ಅನುಮಾನ ಪಡೋದು ಸಹಜ. ನಿನ್ನೆ ಹೀಗೆ ಗೊತ್ತಿತ್ತು, ಇವತ್ತು ಇದು ಗೊತ್ತಾಗಿದೆ, ಅದಕ್ಕೆ ಬದಲಾಯಿಸಿದೀವಿ, ಮುಂದೆ ಮತ್ತೂ ಬದಲಾಗಬಹುದು, ಇಷ್ಟು ಬಿಚ್ಚಿ ಹೇಳಿದ್ರೆ ಜನ ಒಪ್ತಾರೆ, ದಡ್ಡರಲ್ಲ ಅವ್ರು. ನಂಗೆ ತುಂಬಾ ಬೇಜಾರಾಗೋದು ಗಾಳಿಯ ವಿಷಯ. ತರಕಾರಿ ತೊಳೆದ್ವಿ, ಹಾಲಿನ ಪ್ಯಾಕೆಟ್ ಒರೆಸಿದ್ವಿ, ರಸ್ತೆಗೆಲ್ಲ ಔಷಧಿ ಸಿಂಪಡಿಸಿದ್ವಿ, ಆದ್ರೆ ಇದು ಮುಖ್ಯವಾಗಿ ಗಾಳೀಲಿ ಹರಡೋ ರೋಗ, ಕಿಟಕಿ ತೆಗೀರಿ ಅನ್ನೋ ಒಂದು ಪೈಸೆ ಖರ್ಚಿಲ್ಲದ ಮಾತನ್ನ ಕೇಂದ್ರ ಸರ್ಕಾರದ ವೈಜ್ಞಾನಿಕ ಸಲಹೆಗಾರರ ಕಚೇರಿ ಒತ್ತಿ ಹೇಳಿದ್ದು 20 ಮೇ 2021ಕ್ಕೆ. ಎರಡನೇ ಅಲೆ ಆಗ್ಲೇ ಎಷ್ಟೋ ಮನೆ ದೀಪ ಆರಿಸಿತ್ತು.

ಭಾಷೆ ಬಗ್ಗೆನೂ ಒಂದು ಮಾತು. ಲಸಿಕೆ ಬುಕ್ ಮಾಡೋ ಕೋವಿನ್ ಪೋರ್ಟಲಲ್ಲಿ ಕನ್ನಡ ಬಂದಿದ್ದು ಜೂನ್ 2021ರಲ್ಲಿ, 18 ದಾಟಿದೋರಿಗೆಲ್ಲ ಲಸಿಕೆ ಅಂದು ಒಂದು ತಿಂಗಳಾದ್ಮೇಲೆ. ಆ ಒಂದು ತಿಂಗಳು ಏನಾಯ್ತು, ಇಂಗ್ಲಿಷ್ ಬರೋ, ಸ್ಪೀಡ್ ನೆಟ್ ಇರೋ ಬೆಂಗಳೂರಿನೋರು ಹಳ್ಳಿ ಆರೋಗ್ಯ ಕೇಂದ್ರದ ಸ್ಲಾಟ್ ಬುಕ್ ಮಾಡಿ ಕಾರಲ್ಲಿ ಬಂದು ಹಾಕಿಸ್ಕೊಂಡು ಹೋದ್ರು, ಊರಿನೋರು ಗೇಟ್ ಹತ್ರ ನಿಂತು ನೋಡಿದ್ರು. ಎಲ್ಲರಿಗೂ ಲಸಿಕೆ ಅನ್ನೋ ಘೋಷಣೆನ ಆಮೇಲೆ ಆ ಊರಿನೋರು ಹೇಗೆ ನಂಬ್ಬೇಕು?

ಕೊನೇದಾಗಿ ಹಿಂದಿನ ಸಾಲಿನ ಅಕ್ಕಂದಿರ ವಿಷಯ. ರಾಜ್ಯದಲ್ಲಿ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು. ಸರ್ವೆಗೆ ಹೋದ ಕಡೆ ಬೈಗುಳ ತಿಂದ್ರು, ಏಪ್ರಿಲ್ 2020ರಲ್ಲಿ ಬೆಂಗಳೂರಲ್ಲೇ ಹಲ್ಲೆನೂ ಆಯ್ತು. ಜುಲೈ 2020ರಲ್ಲಿ ತಿಂಗಳಿಗೆ 12 ಸಾವಿರ ಗೌರವಧನ ಕೊಡಿ ಅಂತ ಮುಷ್ಕರ ಕೂತ್ರು, 2022ರಲ್ಲಿ ದೇಶದ ಆಶಾಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಪ್ರಶಸ್ತಿ ಕೊಡ್ತು. ಪ್ರಶಸ್ತಿ ಸಂತೋಷ, ಆದ್ರೆ ಪ್ರಚಾರದ ಬಜೆಟ್ ಅಂದ ತಕ್ಷಣ ನಮ್ಮ ತಲೇಲಿ ಫ್ಲೆಕ್ಸು, ಜಾಹೀರಾತು, ಮೈಕ್ ಕಟ್ಟಿದ ಆಟೋ ಬರುತ್ತೆ, ಇವ್ರ ಗೌರವಧನ, ಇವ್ರ ಮಾಸ್ಕು, ಇವ್ರ ಬಸ್ ಚಾರ್ಜು ಬರಲ್ಲ. ಆ ಅಜ್ಜಿ ಜಗಲಿವರೆಗೂ ಮಾತು ತಲುಪಿಸಿದ್ದು ಇವ್ರೇ ಅಂದ್ಮೇಲೆ ಬಜೆಟ್ಟಿನ ಮೊದಲ ಸಾಲಲ್ಲಿ ಇವ್ರಿರ್ಬೇಕು.

ಟೀ ಆದ್ಮೇಲೆ ಇಬ್ಬಿಬ್ರು ಕೂತ್ಕೊಳ್ಳಿ, ಒಬ್ರು ಲಸಿಕೆ ಬೇಡ ಅನ್ನೋರು, ಒಬ್ರು ಕೇಳಿಸ್ಕೊಳ್ಳೋರು. ಮೊದಲ ಐದು ನಿಮಿಷ ಕೇಳಿಸ್ಕೊಳ್ಳೋರು ಪ್ರಶ್ನೆ ಮಾತ್ರ ಕೇಳ್ಬೇಕು, ಸಲಹೆ ಕೊಡಂಗಿಲ್ಲ. ಆಶಾ ಅಕ್ಕಂದಿರು ಪಕ್ಕದಲ್ಲಿ ಕೂತು ಎಲ್ಲಿ ಎಡವಿದ್ರು ಅಂತ ಹೇಳ್ಲಿ.