ಗೋಡೆ ಮುಚ್ಚುವ ಮೊದಲು

ಕೇಳುಗರಿಗೆ ನಮಸ್ಕಾರ.

ಕಚೇರಿ ನವೀಕರಣ ಅಂದ ಕೂಡಲೇ ಮಾತು ಶುರುವಾಗುವುದು ಬಣ್ಣದಿಂದ, ಮೇಜು ಕುರ್ಚಿಗಳಿಂದ. ನೀರು ಉಳಿಸುವ ವಿಚಾರ ಬರುವ ಹೊತ್ತಿಗೆ ಟೈಲ್ಸ್ ಕೂರಿಸಿ ಮುಗಿದಿರುತ್ತದೆ. ಆಗ ನಲ್ಲಿ ಬದಲಿಸಬಹುದು, ಪೈಪಿಗೆ ಕೈ ಹಾಕಲಾಗದು. ಅದಕ್ಕೇ ಇವತ್ತು, ಗೋಡೆ ತೆರೆದಿರುವ ಆ ಕೆಲವು ದಿನಗಳಲ್ಲಿ ಏನು ಮಾಡಿಕೊಳ್ಳಬೇಕು ಎಂಬುದನ್ನೇ ಹೆಚ್ಚು ಹೇಳುತ್ತೇನೆ.

ಮೊದಲು ಅಳತೆ. ಒಂದು ಲೀಟರ್ ಜಗ್ಗನ್ನು ನಲ್ಲಿಯ ಕೆಳಗೆ ಹಿಡಿದು ಗಡಿಯಾರ ನೋಡಿ. 6 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 10 ಲೀಟರ್ ಹರಿಯುತ್ತಿದೆ. ಕೈ ತೊಳೆಯಲು ನಿಮಿಷಕ್ಕೆ 2-3 ಲೀಟರ್ ಸಾಕು. ನಲ್ಲಿಯ ಬಾಯಿಗೆ ಎರೇಟರ್, ಅಂದರೆ ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಪುಟ್ಟ ಜಾಲರಿ, ತಿರುಗಿಸಿದರೆ ಆಯಿತು. ಹೊಸ ಪೈಪಿನೊಳಗೆ ಮರಳು, ಪ್ಲಾಸ್ಟಿಕ್ ಚೂರು ಉಳಿದಿರುತ್ತವೆ. ಎರೇಟರ್ ಬಿಚ್ಚಿಟ್ಟು ಒಂದಷ್ಟು ನೀರು ಹರಿಸಿ, ಆ ಮೇಲೆ ಹಾಕಿ. ಇಲ್ಲದಿದ್ದರೆ ಮೊದಲ ದಿನವೇ ಜಾಲರಿ ಕಟ್ಟುತ್ತದೆ, ಯಾರೋ ಬೇಸತ್ತು ಅದನ್ನು ಕಿತ್ತೆಸೆಯುತ್ತಾರೆ.

ಹೆಚ್ಚು ನೀರು ಹೋಗುವುದು ಶೌಚಾಲಯದಲ್ಲಿ. 50 ಜನ, ದಿನಕ್ಕೆ ತಲಾ ಮೂರು ಬಾರಿ, ಹಳೆಯ 10 ಲೀಟರಿನ ಫ್ಲಶ್: ಒಟ್ಟು 1500 ಲೀಟರ್. 6 ಮತ್ತು 3 ಲೀಟರಿನ ಎರಡು ಗುಂಡಿಯ ಟ್ಯಾಂಕಿದ್ದು, ಒಮ್ಮೆ ದೊಡ್ಡದು, ಎರಡು ಬಾರಿ ಚಿಕ್ಕದು ಒತ್ತಿದರೆ 600. ಆದರೆ ಹಳೆಯ ಕಮೋಡ್ ಹಾಗೇ ಬಿಟ್ಟು ಟ್ಯಾಂಕ್ ಮಾತ್ರ ಬದಲಿಸಬೇಡಿ. ಆ ಕಮೋಡಿನ ತಿರುವು ಹೆಚ್ಚು ನೀರಿಗೆಂದೇ ಮಾಡಿದ್ದು. ಕಡಿಮೆ ನೀರಿಗೆ ತೊಳೆಯುವುದಿಲ್ಲ, ಜನ ಎರಡೆರಡು ಸಲ ಒತ್ತುತ್ತಾರೆ. ಎರಡನ್ನೂ ಜೋಡಿಯಾಗಿಯೇ ತನ್ನಿ.

ಈಗ ಗೋಡೆಯೊಳಗಿನ ಕೆಲಸ. ಫ್ಲಶ್ಶಿಗೆ ಪ್ರತ್ಯೇಕ ಲೈನ್ ಹಾಕಿಸಿ, ಬೇರೆ ಬಣ್ಣದ ಗುರುತಿನೊಂದಿಗೆ. ಎ.ಸಿ.ಯಿಂದ ತೊಟ್ಟಿಕ್ಕುವ ನೀರು, ಆರ್.ಒ. ಯಂತ್ರ ಹೊರಬಿಡುವ ನೀರು ಎರಡನ್ನೂ ಒಂದು ಟ್ಯಾಂಕಿಗೆ ತಂದು ಈ ಲೈನಿಗೆ ಕೊಡಬಹುದು. ಆರ್.ಒ. ನೀರಿನಲ್ಲಿ ಲವಣ ಹೆಚ್ಚು, ಗಿಡಕ್ಕೆ ಬೇಡ. ಫ್ಲಶ್ಶಿಗೆ, ನೆಲ ಒರೆಸಲು ಧಾರಾಳವಾಗಿ ಬಳಸಿ. ಎ.ಸಿ. ನೀರು ಹರಿಯುವ ಪೈಪಿಗೆ ಮೀಟರಿಗೆ 1 ಸೆಂಟಿಮೀಟರ್ ಇಳಿಜಾರು ಕೊಡಿ, ಸುತ್ತ ಇನ್ಸುಲೇಷನ್ ಸುತ್ತಿಸಿ. ಸುತ್ತದಿದ್ದರೆ ಪೈಪ್ ಬೆವರಿ ಸೀಲಿಂಗ್ ಮೇಲೆ ಕಲೆ ಬೀಳುತ್ತದೆ.

ಇಲ್ಲೊಂದು ಎಚ್ಚರ. ಆ ಟ್ಯಾಂಕಿನ ನೀರು ಸಾಲದಿದ್ದಾಗ ಇರಲಿ ಎಂದು ಕುಡಿಯುವ ನೀರಿನ ಪೈಪಿಗೆ ವಾಲ್ವ್ ಇಟ್ಟು ಜೋಡಿಸುವವರಿದ್ದಾರೆ. ದಯವಿಟ್ಟು ಬೇಡ. ವಾಲ್ವ್ ಒಂದಲ್ಲ ಒಂದು ದಿನ ಸೋರುತ್ತದೆ, ಕೊಳೆ ನೀರು ಕುಡಿಯುವ ನೀರಿಗೆ ಸೇರುತ್ತದೆ. ಶುದ್ಧ ನೀರು ಟ್ಯಾಂಕಿನ ತುಂಬುಮಟ್ಟಕ್ಕಿಂತ ಮೇಲಿನಿಂದ, ನಡುವೆ ಗಾಳಿಯ ಅಂತರವಿದ್ದು ಬೀಳಲಿ.

ಸಾಮಗ್ರಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸರಳ: ಗಟ್ಟಿಯಾಗಿರುವ ಕದ, ಚೌಕಟ್ಟು, ಕಪಾಟು ಕೀಳಬೇಡಿ. ಹೊಸ ಪ್ಲೈವುಡ್ ಬೇಕೇಬೇಕಾದರೆ ಫಾರ್ಮಾಲ್ಡಿಹೈಡ್, ಅಂದರೆ ಅಂಟಿನಿಂದ ಹೊರಬಂದು ಕಣ್ಣು ಗಂಟಲು ಉರಿಸುವ ಅನಿಲ, ಕಡಿಮೆ ಇರುವ ದರ್ಜೆ ಕೇಳಿ. ಅಂಚಿನ ಪಟ್ಟಿ ಎಲ್ಲೂ ಬಿಟ್ಟಿರಬಾರದು, ಕತ್ತರಿಸಿದ ಅಂಚಿನಿಂದಲೇ ಆ ಅನಿಲ ಹೆಚ್ಚು ಹೊರಬರುವುದು. ನೆಲಹಾಸು ಕೊಳ್ಳುವಾಗ ಲಿನೋಲಿಯಂ ಎಂದು ಹೇಳಿ ವಿನೈಲ್ ಎಂಬ ಪ್ಲಾಸ್ಟಿಕ್ ಹಾಸು ಕೊಡುವುದುಂಟು. ಲಿನೋಲಿಯಂ ಅಗಸೆ ಎಣ್ಣೆ, ಮರದ ಪುಡಿ, ಸೆಣಬಿನ ಬಟ್ಟೆಯಿಂದ ಮಾಡಿದ್ದು. ತುಂಡನ್ನು ಮೂಸಿದರೆ ಎಣ್ಣೆಯ ವಾಸನೆ ಬರುತ್ತದೆ, ಹಿಂಬದಿಯಲ್ಲಿ ಸೆಣಬಿನ ನೇಯ್ಗೆ ಕಾಣುತ್ತದೆ. ಒಳಗೋಡೆಗೆ ಜಿಪ್ಸಂ ಪ್ಲಾಸ್ಟರ್ ಹಚ್ಚಿದರೆ ಕ್ಯೂರಿಂಗ್ ನೀರು, ಅಂದರೆ ಸಿಮೆಂಟ್ ಗಟ್ಟಿಯಾಗಲೆಂದು ದಿನಗಟ್ಟಲೆ ಹಾಕುವ ನೀರು, ಪೂರಾ ಉಳಿಯುತ್ತದೆ, ಆದರೆ ಶೌಚಾಲಯದ ಗೋಡೆಗೆ ಅದು ಸಲ್ಲದು. ಸಿಮೆಂಟ್ ಕೆಲಸವಿದ್ದಲ್ಲಿ ಪೈಪ್ ಹಿಡಿದು ಸುರಿಯುವ ಬದಲು ಒದ್ದೆ ಗೋಣಿಚೀಲ ಹೊದಿಸಿ.

ಪ್ಲಾಸ್ಟರ್ ಮಾಡುವ ಮೊದಲು ಪೈಪುಗಳಿಗೆ ಬಳಕೆಯಲ್ಲಿ ಇರುವ ನೀರಿನ ಒತ್ತಡದ ಒಂದೂವರೆ ಪಟ್ಟು ಒತ್ತಡ ಕೊಟ್ಟು, ಒತ್ತಡ ಮಾಪಕದ ಮುಳ್ಳು ಇಳಿಯುತ್ತದೆಯೇ ಎಂದು ಗಂಟೆಗಟ್ಟಲೆ ನೋಡಿ. ಪೈಪು ಹಾದ ಜಾಗದ ಫೋಟೊ, ಪಕ್ಕದಲ್ಲಿ ಅಳತೆ ಟೇಪ್ ಇಟ್ಟು, ತೆಗೆದಿಡಿ. ಕೆಲಸ ಮುಗಿದ ಮೇಲೆ, ಕೊನೆಯವರು ಹೊರಡುವಾಗ ನೀರಿನ ಮೀಟರ್ ಓದಿ, ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಮತ್ತೆ ಓದಿ. ಅಂಕಿ ಮುಂದೆ ಹೋಗಿದ್ದರೆ ಫ್ಲಶ್ ಟ್ಯಾಂಕುಗಳಿಗೆ ನಾಲ್ಕು ಹನಿ ಬಣ್ಣ ಹಾಕಿ 20 ನಿಮಿಷ ಯಾರೂ ಒತ್ತದಂತೆ ಬಿಡಿ. ಯಾವ ಕಮೋಡಿನಲ್ಲಿ ಬಣ್ಣ ಇಳಿದಿದೆಯೋ ಅದರ ಟ್ಯಾಂಕಿನ ರಬ್ಬರ್ ಬದಲಿಸಿ.

ನಮಸ್ಕಾರ.